ಕಾಯುವವರ ಬೆಂಚು

ಗಿರಣಿಮನೆ, ದಾವಣಗೆರೆ
ಇಸವಿ ೨೨೩೧, ಹದಿಮೂರನೆಯ ತಿಂಗಳ ಐದನೆಯ ದಿನ

ನಮಗಿಂತ ಮುಂಚೆ ಬಾಳುತ್ತಿರುವವರಿಗೆ ಹಾಲಮ್ಮನ ಶರಣು.

ತಾರೀಖು ನೋಡಿ ನಗಬೇಡಿ. ಬೇಸಿಗೆ ಉದ್ದವಾಗಿ, ಇದ್ದ ಹನ್ನೆರಡು ತಿಂಗಳುಗಳಲ್ಲಿ ಹಿಡಿಯದೆ ಹೋದಾಗ ನಮ್ಮ ಹಿರಿಯರು ಇನ್ನೊಂದು ತಿಂಗಳನ್ನು ಸೇರಿಸಿದರು. ಅದರ ಲೆಕ್ಕ ನನಗೂ ಸರಿಯಾಗಿ ಗೊತ್ತಿಲ್ಲ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ಬಂದ ಹಾಗೆ ಬಿಡಿಸಿ ಹೇಳುತ್ತೇನೆ. ಈ ಕಾಗದ ಇಷ್ಟು ಹಿಂದಕ್ಕೆ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ. ನನಗೆ ಮರೆವಿನ ಕಾಯಿಲೆ ಬಂದಿದೆ. ಇದರಲ್ಲಿ ಇವತ್ತಿನದು ಮೊದಲು ಹೋಗುತ್ತದೆ, ಆಮೇಲೆ ನಿನ್ನೆಯದು. ಬೆಳಗ್ಗೆ ಏನು ತಿಂದೆನೋ ನೆನಪಿಲ್ಲ, ಅಜ್ಜಿಯ ಸೆರಗಿನ ವಾಸನೆ ನೆನಪಿದೆ. ಹೀಗೆ ನಾನು ದಿನದಿನಕ್ಕೂ ಹಿಂದಕ್ಕೇ ಬರುತ್ತಿದ್ದೇನೆ. ಕಾಗದ ನನಗಿಂತ ಸ್ವಲ್ಪ ಮುಂಚೆ ಬಂದು ಮುಟ್ಟಿದೆ ಅಂದುಕೊಳ್ಳಿ.

ಕೂದಲು ಕಪ್ಪಗಿದ್ದಾಗ ಸೇರಿ ಬೆಳ್ಳಗಾಗುವವರೆಗೆ ನಾನು ಮಾಡಿದ್ದು ಒಂದೇ ಕೆಲಸ: ಮರೆವುಮನೆಗಳನ್ನು ತೂಗುವುದು. ನೀವು ಡಿಮೆನ್ಷಿಯಾ ಆರೈಕೆ ಕೇಂದ್ರ ಎನ್ನುತ್ತೀರಲ್ಲ, ಅದನ್ನೇ ನಾವು ಮರೆವುಮನೆ ಎನ್ನುತ್ತೇವೆ. ನಿಮ್ಮ ನ್ಯಾಯಬೆಲೆ ಅಂಗಡಿಗಳ ಹಾಗೆ ನಮ್ಮಲ್ಲಿ ಓಣಿಗೊಂದು ಇವೆ, ಏಕೆಂದರೆ ನಾವು ಬಹಳ ಕಾಲ ಬದುಕುವುದನ್ನು ಕಲಿತೆವು, ನೆನಪಿಟ್ಟುಕೊಳ್ಳುವುದನ್ನು ಕಲಿಯಲಿಲ್ಲ. ಅವುಗಳ ಗುಣ ನೋಡಿ ದರ್ಜೆ ಕೊಡುವವರಿಗೆ ತೂಕದವರು ಎಂದು ಹೆಸರು. ಬಿಸಿಲಿಗೆ ಹೆದರಿ ನಾವು ಬೀದಿಗಳಿಗೆಲ್ಲ ಚಾವಣಿ ಹಾಕಿಕೊಂಡಿದ್ದೇವೆ. ಆ ನೆರಳುಬೀದಿಗಳಲ್ಲಿ ನಡೆದು, ಹೇಳದೆ ಕೇಳದೆ ಹೋಗಿ ನಿಲ್ಲುತ್ತಿದ್ದೆ. ಉಗುರು ಕತ್ತರಿಸಿದ್ದಾರೆಯೇ, ಮುದ್ದೆ ಬಿಸಿಯಾಗಿದೆಯೇ, ಒಬ್ಬರ ಹಲ್ಲಿನ ಸೆಟ್ಟು ಇನ್ನೊಬ್ಬರ ಬಾಯಲ್ಲಿದೆಯೇ, ಒಳಗೆ ಬರುವ ಮುಂಚೆ ಬಾಗಿಲು ತಟ್ಟುತ್ತಾರೆಯೇ, ಎಲ್ಲ ನೋಡುತ್ತಿದ್ದೆ. ನನ್ನನ್ನು ಕಂಡರೆ ಮೇಲ್ವಿಚಾರಕರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ನನಗದು ಖುಷಿಯ ವಿಷಯವೇ ಆಗಿತ್ತು, ಮುಚ್ಚಿಡುವುದೇಕೆ. ಅಂದ ಹಾಗೆ, ದಾವಣಗೆರೆಯಲ್ಲಿ ಮಂಡಕ್ಕಿ ಇನ್ನೂ ಇದೆ, ಗಾಬರಿಯಾಗಬೇಡಿ. ದೋಸೆಯಲ್ಲಿ ಬೆಣ್ಣೆ ಮಾತ್ರ ಹೆಸರಿಗಷ್ಟೆ.

ತೂಕದವರನ್ನು ಕಳಿಸುವ ನಮ್ಮ ಮಂಡಳಿ ಎಲ್ಲಕ್ಕಿಂತ ಹೆಚ್ಚಿನ ಅಂಕ ಕೊಡುವುದು ಬಾಗಿಲಿಗೆ. ಬಾಗಿಲ ಬಳಿ ಕಾಯುತ್ತಾ ಕುಳಿತವರು ಇಲ್ಲದಿದ್ದರೆ ಅದು ಒಳ್ಳೆಯ ಮನೆ. ಈ ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ನಾನು ಹುಟ್ಟುವ ಮೊದಲು ಒಬ್ಬ ತಾಯಿ, ಮಗ ಬರುತ್ತೇನೆ ಅಂದಿದ್ದಾನೆ ಎಂದು ಕೂಳು ನೀರು ಬಿಟ್ಟು ಬಾಗಿಲು ಕಾದು, ಕೊನೆಗೆ ಬಿಸಿಲಿಗೆ ಎದ್ದು ಹೋಗಿ ಹೆಣವಾದಳಂತೆ. ಅಂದಿನಿಂದ ನಿಜಪಾಠ ಬಂತು. ನಿಜಪಾಠವೆಂದರೆ ಮರೆತವರ ಮುಂದೆ ಆಗದ ಮಾತು ಆಡಬಾರದು ಎಂಬ ಕಟ್ಟಳೆ. ಅದರ ಪ್ರಕಾರ, ಮರೆವುಮನೆಯಿಂದ ಹೊರಡುವ ಯಾರೇ ಆಗಲಿ, ಮಕ್ಕಳಾಗಲಿ ಕೆಲಸದವರಾಗಲಿ, "ಬರ್ತೀನಿ" ಅನ್ನಕೂಡದು. "ಹೋಗ್ತೀನಿ" ಅನ್ನಬೇಕು. ಮಕ್ಕಳಿಗೆ ಇದನ್ನು ಶಾಲೆಯಲ್ಲೇ ಹೇಳಿಕೊಡುತ್ತಾರೆ. ಈಗಿನ ಎಳೆಯರಿಗೆ ಬೇರೆ ರೂಢಿ ಇತ್ತೆಂಬುದೇ ಗೊತ್ತಿಲ್ಲ.

ನಿಮಗೆ ಗೊತ್ತಿದೆ. ಹೊಸ್ತಿಲು ದಾಟುವಾಗ ಬಾಯಿ ತಪ್ಪಿ "ಹೋಗ್ತೀನಿ" ಅಂದರೆ ನಿಮ್ಮ ಮನೆಗಳಲ್ಲಿ ಇನ್ನೂ ಬೈಯುತ್ತಾರಲ್ಲವೇ? ನನ್ನ ಅಜ್ಜಿ ಬೈಯುತ್ತಿದ್ದಳು. "ಹಂಗನ್ಬಾರ್ದು, ಬಿಡ್ತು ಅನ್ನು! ಹೋಗ್ತೀನಿ ಅನ್ನೋದು ಹೆಣ. ಬರ್ತೀನಿ ಅನ್ನವ್ವಾ." ಮರೆವಿನವರು ಇತ್ತೀಚಿನದನ್ನು ಮರೆಯುತ್ತಾರೆಯೇ ಹೊರತು ಇದನ್ನಲ್ಲ. ಒಳ್ಳೆಯ ದರ್ಜೆಯ ಮನೆಗಳಲ್ಲಿ ಸಂಜೆ ಸಂಜೆಗೂ ಆಯಾಗಳು ಸಾಲಾಗಿ ಬಂದು "ಹೋಗ್ತೀನಿ" ಅನ್ನುತ್ತಿದ್ದರು, ಮುದುಕರು ಸಾವಿನ ಸುದ್ದಿ ಕೇಳಿದವರ ಹಾಗೆ ಗೋಡೆಯ ಕಡೆ ಹೊರಳುತ್ತಿದ್ದರು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಅಂಕ ತುಂಬಿ ಬರುತ್ತಿತ್ತು.

ಗಿರಣಿಮನೆಗೆ ಬಾಗಿಲಿನ ಅಂಕ ಬಂದದ್ದೇ ಇಲ್ಲ. ಇದು ನಿಮ್ಮ ಕಾಲದವರೂ ಹಳೆಯದು ಎನ್ನುವ ಹತ್ತಿ ಗಿರಣಿಯ ಕಟ್ಟಡ. ಗೋಡೆ ದಪ್ಪ, ಒಳಗೆ ತಂಪು. ಹೆಬ್ಬಾಗಿಲ ಪಕ್ಕದಲ್ಲಿ ಉದ್ದನೆಯ ಮರದ ಬೆಂಚು, ಅದರ ತುಂಬ ಮುದುಕರು, ಒಬ್ಬೊಬ್ಬರ ತೊಡೆಯ ಮೇಲೆ ಒಂದೊಂದು ಗಂಟು. ಮಂಡಳಿ ಇದಕ್ಕೆ ಕೊನೆಯ ಎಚ್ಚರಿಕೆ ಕೊಟ್ಟು, ತೂಗಿ ಬರಲು ನನ್ನನ್ನು ಕಳಿಸಿತು. ಬೆಂಚಿನ ತುದಿಯಲ್ಲಿ ಕೊಟ್ರಮ್ಮ ಎಂಬ ಅಜ್ಜಿ ಇದ್ದಳು. ಯಾರಿಗೆ ಕಾಯುತ್ತಿದ್ದೀರಿ ಎಂದು ಕೇಳಿದೆ. "ನನ್ ಮಗ. ಬರ್ತೀನಿ ಅಂದ್ ಹೋಗ್ಯಾನೆ, ಬರ್ತಾನೆ ಬಿಡು. ನೀನ್ಯಾಕ್ ನಿಂತಿ, ಕುಂದ್ರು," ಎಂದು ಗಂಟು ಸರಿಸಿ ಜಾಗ ಮಾಡಿಕೊಟ್ಟಳು. ಮಗ ತೀರಿಕೊಂಡು ಬಹಳ ಕಾಲವಾಗಿತ್ತು. ನಾನು ಕುಳಿತೆ.

ಅಷ್ಟರಲ್ಲಿ ಪಾಳಿ ಬಿಟ್ಟಿತು. ಶಮಾ ಎಂಬ ಆಯಾ ಚೀಲ ಹೆಗಲಿಗೇರಿಸಿ ಬಂದವಳು, ತೂಕದವಳು ಕುಳಿತಿದ್ದಾಳೆಂಬ ಪರಿವೆಯೂ ಇಲ್ಲದೆ, "ಹೋಗಿ ಬರ್ತೀನಜ್ಜಿ," ಅಂದಳು. ಕೊಟ್ರಮ್ಮ, "ಬಾರವ್ವಾ, ಜೋಪಾನ. ಲಗೂನ ಬಾ, ಮುದ್ದೆ ಆರಿ ಹೋಗ್ತತಿ," ಎಂದು ಕಳಿಸಿಕೊಟ್ಟಳು. ಶಮಾ ಹೋದ ಬಾಗಿಲಲ್ಲೇ ಸ್ವಲ್ಪ ಹೊತ್ತಿಗೆ ಮುಂದಿನ ಪಾಳಿಯ ರುದ್ರೇಶಿ ಬಂದ. ಎಮ್ಮೆಯಂಥ ಆಳು, ಮೀಸೆ ಬೇರೆ. ಕೊಟ್ರಮ್ಮ ಎದ್ದೇ ನಿಂತಳು. ಮುಖ ಅರಳಿ, "ಬಂದ್ಯಾ? ಆಗ್ಲಿಂದ ದಾರಿ ನೋಡ್ತಾ ಕುಂತೀನಿ!" ಅಂದಳು. ಅವನು, "ಬಂದೆ ಅಜ್ಜಿ. ಬಾ ಉಣ್ಣಾನ," ಎಂದು ಗಂಟು ಎತ್ತಿಕೊಂಡ. ಬೆಂಚಿನಿಂದ ಒಬ್ಬೊಬ್ಬರೂ ಹೀಗೆಯೇ ಎದ್ದರು. ಬಂದವರು ಯಾರ ಕಣ್ಣಿಗೆ ಯಾರಾಗಿ ಕಂಡರೋ! ಮಾತು ಕೊಟ್ಟವರೊಬ್ಬರು, ನಡೆಸಿಕೊಟ್ಟವರು ಇನ್ನೊಬ್ಬರು. ಎಲ್ಲರಿಗೂ ಹೀಗಾಗಲಿಲ್ಲ, ಸುಳ್ಳು ಹೇಳಬಾರದು. ಹೆಂಡತಿಯನ್ನು ಕಾಯುತ್ತಿದ್ದ ಒಬ್ಬ ಮುದುಕ ಮಾತ್ರ ಯಾರು ಬಂದರೂ ಏಳದೆ ಅಳುತ್ತಿದ್ದ. ಅವನನ್ನು ಒಲಿಸಿ ಎಬ್ಬಿಸಲು ಹೊತ್ತು ಹಿಡಿಯಿತು.

ನಾನು ಅಲ್ಲಿಂದ ಎದ್ದದ್ದು ಮನಸ್ಸು ಗಟ್ಟಿ ಮಾಡಿಕೊಂಡು. ಕಾಯುವುದು ರೋಗವಲ್ಲ, ಕಾದವರ ಹತ್ತಿರ ಯಾರೂ ಬಾರದಿರುವುದು ರೋಗ; ನಾವು ತಪ್ಪು ಜಾಗದಲ್ಲಿ ತಕ್ಕಡಿ ಹಿಡಿದಿದ್ದೇವೆ ಎಂದು ಬರೆದು, ಗಿರಣಿಮನೆಗೆ ಮೊದಲ ದರ್ಜೆ ಕೊಟ್ಟೆ. ಅದೇ ವಾರ ತೂಕದವರೆಲ್ಲರಿಗೂ ವರ್ಷಕ್ಕೊಮ್ಮೆ ನಡೆಯುವ ತಲೆಯ ತಪಾಸಣೆ ನಡೆಯಿತು. ನನಗೆ ಮರೆವು ಹತ್ತಿದೆ ಎಂದು ತಿಳಿದದ್ದು ಆಗಲೇ. ನನಗೂ ಸಂಶಯವಿತ್ತು. ಕಿವಿಯ ಹಿಂದೆ ಅಂಟಿಸಿಕೊಂಡು ಎದುರಿಗಿದ್ದವರ ಹೆಸರು ಪಿಸುಗುಟ್ಟಿಸಿಕೊಳ್ಳುವ ಕಿವಿಮಣಿ ಎಂಬುದೊಂದಿದೆ, ಅದನ್ನು ತೆಗೆದಿಟ್ಟರೆ ನೆರೆಮನೆಯವರ ಹೆಸರೂ ಬರುತ್ತಿರಲಿಲ್ಲ. ಮಂಡಳಿಯವರು ಸಜ್ಜನರು, ಕೂರಿಸಿ ಪಾನಕ ಕೊಟ್ಟರು. ಆಮೇಲೆ ನನ್ನ ವರದಿಯನ್ನು ಪಕ್ಕಕ್ಕಿಟ್ಟರು. "ಬೇಜಾರು ಮಾಡ್ಕೋಬೇಡಿ ಹಾಲಮ್ಮಾರೇ, ಮರೆವಿನವರ ಮಾತಿಗೆ ತೂಕ ಇಲ್ಲ ಅಂತ ಕಾಯಿದೇಲೇ ಐತಲ್ಲ," ಅಂದರು. ನಾಳೆ ಅಂಥದೇ ಮನೆಯಲ್ಲಿ ಇರಬೇಕಾದವಳ ಮಾತಿಗೇ ತೂಕವಿಲ್ಲ! ಕೋಪಕ್ಕೆ ಲೋಟ ಕುಕ್ಕಿದೆ, ಪಾನಕ ಸೀರೆಯ ಮೇಲೆ ಚೆಲ್ಲಿತು. ಅದನ್ನೂ ಅವರು ಕಾಯಿಲೆಯೆಂದೇ ತಿಳಿದಿರಬೇಕು.

ಗಿರಣಿಮನೆ ಮುಚ್ಚಲಿಲ್ಲ, ತಿದ್ದಿಕೊಂಡಿತು. ಬೆಂಚು ಕಿತ್ತರು, ನಿಜಪಾಠ ತಂದರು. ಅಷ್ಟರಲ್ಲಿ ನಾನು ಇರುವುದಕ್ಕೆ ಇದೇ ಮನೆ ಬೇಕೆಂದು ಬರೆದುಕೊಟ್ಟಾಗಿತ್ತು. ಇವತ್ತು, ಇವತ್ತೇ ಇರಬೇಕು, ಮಗಳು ಇಂಚರ ನನ್ನನ್ನು ಇಲ್ಲಿಗೆ ತಂದು ಬಿಟ್ಟಳು. ಅವಳಿಗೆ ಕಡಲಕಟ್ಟೆಯಲ್ಲಿ ಕೆಲಸ. ಏರಿ ಬರುವ ಸಮುದ್ರವನ್ನು ತಡೆಯಲು ಕರಾವಳಿಯುದ್ದಕ್ಕೂ ಕಟ್ಟಿರುವ ಗೋಡೆ ಅದು. ಅಲ್ಲಿಯವರಿಗೆ ರಜೆ ಸಿಗುವುದು ಅಪರೂಪ. ದಾರಿಯುದ್ದಕ್ಕೂ ನಾನು ಒಂದೇ ಬೇಡಿಕೊಂಡೆ. ಹೊರಡುವಾಗ ಬರ್ತೀನಿ ಅನ್ನು, ಕೇಳುವವರು ಯಾರೂ ಇಲ್ಲದಿದ್ದಾಗ ಕಿವಿಯಲ್ಲಾದರೂ ಅನ್ನು ಎಂದೆ. ಅವಳು ಕಣ್ಣೊರೆಸಿಕೊಂಡು, "ಯಾವಾಗ ಬರ್ತೀನೋ ನಂಗೇ ಗೊತ್ತಿಲ್ಲಮ್ಮಾ. ಸುಳ್ಳು ಹೇಳಿ ನಿನ್ನ ಕಾಯಿಸ್ಲಾರೆ," ಅಂದಳು. "ಕಾಯೋಳು ನಾನು, ನಿನಗೇನು ಕಷ್ಟ?" ಎಂದು ಗದರಿದೆ. ಅವಳ ಮೇಲೆ ತಪ್ಪಿಲ್ಲ. ಹೇಳಿಕೊಟ್ಟ ಪಾಠವನ್ನು ಪ್ರೀತಿಯಿಂದಲೇ ಪಾಲಿಸುವ ಮಗು. ಬಾಗಿಲಲ್ಲಿ ನನ್ನ ಎರಡೂ ಕೈ ಹಿಡಿದು, "ಹೋಗ್ತೀನಮ್ಮಾ," ಅಂದಳು. ನಾನು, "ಹೋಗಿ ಬಾ," ಅಂದೆ. ಅವಳು ಬಿಟ್ಟ ಅರ್ಧವನ್ನು ನಾನೇ ಸೇರಿಸಬೇಕಾಯಿತು.

ಬೆಂಚು ಇದ್ದ ಕಡೆ ನೆಲದಲ್ಲಿ ಬೋಲ್ಟಿನ ತೂತುಗಳಿವೆ, ಸಿಮೆಂಟು ಮೆತ್ತಿದ್ದಾರೆ. ಪಕ್ಕದ ಕೋಣೆಯಲ್ಲಿ ಕೊಟ್ರಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಶಮಾ ಗುಟ್ಟಿನಲ್ಲಿ ಹೇಳಿದಳು, ಅಜ್ಜಿ ಮಾತು ಬಿಟ್ಟು ಬಹಳ ದಿನವಾಯಿತಂತೆ, ಬಾಯಿಗೆ ಇಟ್ಟದ್ದನ್ನು ಉಗುಳುತ್ತಾಳಂತೆ. ಹೋಗಿ ಹಾಸಿಗೆಯ ಅಂಚಿನಲ್ಲಿ ಕುಳಿತೆ. ಆಗ ನನಗೊಂದು ಹೊಳೆಯಿತು. ನಿಜಪಾಠ ಕಟ್ಟಿಹಾಕುವುದು ಮಾತಿಗೆ ತೂಕವಿರುವವರನ್ನು. ನನ್ನ ಮಾತಿಗೆ ತೂಕವೇ ಇಲ್ಲವೆಂದು ಕಾಯಿದೆಯೇ ಹೇಳಿದೆಯಲ್ಲ! ಅವಳ ಕಿವಿಯ ಹತ್ತಿರ ಬಗ್ಗಿ, ಗಟ್ಟಿಯಾಗಿಯೇ, "ಕೊಟ್ರಮ್ಮಾ, ಒಂದು ಕಾಗದ ಬರ್ದು ಬರ್ತೀನಿ," ಅಂದೆ. ಅವಳು ಅಲ್ಲಾಡಲಿಲ್ಲ. ನಾನು ಬಾಗಿಲು ದಾಟುವಾಗ ಹಿಂದಿನಿಂದ ತೀರಾ ಸಣ್ಣಗೆ, "ಬಾರವ್ವಾ, ಜೋಪಾನ," ಎಂದದ್ದು ಕೇಳಿತು.

ನಿಮ್ಮ ಕಾಲದಲ್ಲಿ ಇಂಥ ಮನೆಗಳು ಈಗಷ್ಟೇ ತಲೆ ಎತ್ತುತ್ತಿವೆಯಂತೆ. ತಾಯಿಯನ್ನೋ ಗಂಡನನ್ನೋ ಬಿಡುವ ಮುಂಚೆ ನೀವು ಹೋಗಿ ನೋಡುತ್ತೀರಿ, ನೆಲ ಮೂಸುತ್ತೀರಿ, ಸಿಸಿಟಿವಿ ಇದೆಯೇ ಕೇಳುತ್ತೀರಿ, ಬಚ್ಚಲಲ್ಲಿ ಹಿಡಿದುಕೊಳ್ಳಲು ಹಿಡಿಕೆ ಹಾಕಿದ್ದಾರೆಯೇ ನೋಡುತ್ತೀರಿ. ನೋಡಿ, ಎಲ್ಲ ನೋಡಿ, ನಾನೂ ನೋಡಿದವಳೇ. ಆಮೇಲೆ ಪಾಳಿ ಬದಲಾಗುವ ಹೊತ್ತಿಗೆ ಬಾಗಿಲ ಬಳಿ ಸುಮ್ಮನೆ ಕುಳಿತುಕೊಳ್ಳಿ. ಹೋಗುವವರು ಏನಂದು ಹೋಗುತ್ತಾರೆ, ಬರುವವರು ಹೇಗೆ ಬರುತ್ತಾರೆ ಎಂದು ನೋಡಿ. ಒಳಗಿರುವವರನ್ನೂ ಕೇಳಿ, ಕಥೆ ತಪ್ಪಾಗಿ ಹೇಳಿಯಾರು, ಹೊಟ್ಟೆ ತುಂಬಿತೋ ಇಲ್ಲವೋ ತಪ್ಪಾಗಿ ಹೇಳುವುದಿಲ್ಲ. ಕಟ್ಟಳೆ ಬರೆಯುವವರು ನಿಮ್ಮಲ್ಲಿದ್ದರೆ ಅವರಿಗೂ ಇಷ್ಟು ತಿಳಿಸಿ.

ಇದೆಲ್ಲ ಯಾಕೆ ಬರೆಯಲು ಕುಳಿತೆನೋ ಮೇಲಿನಿಂದ ಓದಿಕೊಂಡರೆ ತಿಳಿಯುತ್ತದೆ. ಕಿಟಕಿಯಲ್ಲಿ ಬಿಸಿಲು ಇಳಿದಿದೆ. ಕೊಟ್ರಮ್ಮನಿಗೆ ಬರ್ತೀನಿ ಅಂದು ಬಂದಿದ್ದೇನೆ, ಈಗಲೋ, ಬೆಳಗ್ಗೆಯೋ. ಅವಳು ಕಾಯುತ್ತಿರುತ್ತಾಳೆ. ನಾನು ಮರೆತರೆ ನಿಮ್ಮಲ್ಲಿ ಯಾರಾದರೂ ಬನ್ನಿ.

ಹಾಲಮ್ಮ