ಕರಿಯವ್ವ ಕಡಿದ ಮೆಟ್ಟಿಲು

ಬ್ಯಾಡಗಿ
೧೧ ಜೂನ್ ೨೦೧೯

ಕರಿಯವ್ವನಿಗೆ ಹೇಮಪ್ಪನ ನಮಸ್ಕಾರ.

ಗಂಡನಾದವನು ಹೆಂಡತಿಗೆ ಆಶೀರ್ವಾದ ಅಂತ ಬರೆಯಬೇಕು. ಇಪ್ಪತ್ತೈದು ವರ್ಷ ನಿನ್ನನ್ನು ಗುತ್ತಲದ ತವರಿನಲ್ಲೇ ಬಿಟ್ಟವನಿಗೆ ಆ ಯೋಗ್ಯತೆ ಎಲ್ಲಿಯದು? ಫೋನಿನಲ್ಲಿ ನನ್ನ ದನಿ ಕೇಳಿದರೆ ನಿನ್ನ ಅಣ್ಣ ಕೊಟ್ರೇಶ ಇಟ್ಟುಬಿಡುತ್ತಾನೆ, ಅದಕ್ಕೇ ಕಾಗದ. ಓದಿ ಹೇಳುವಾಗ ಅವನು ನನ್ನನ್ನು ಬೈದರೆ ಬೈಯಲಿ, ಆದರೆ ಪೂರ್ತಿ ಓದಿಸಿಕೋ.

ನಮ್ಮ ಕಟಿಂಗಿನ ವಿಷಯ. ಗುಡ್ಡ ಸೀಳಿ ಆ ಕಂದಕದೊಳಗೆ ರೈಲು ಬಿಟ್ಟವರು ನಮ್ಮ ಮುತ್ತಜ್ಜನ ಕಾಲದವರು. ಬ್ರಾಡ್ ಗೇಜ್ ಬಂದಾಗ ಅದನ್ನು ಅಗಲ ಮಾಡಿದ್ದು ನಮ್ಮ ಗ್ಯಾಂಗು. ನಾನು ಮೇಸ್ತ್ರಿ. ಗಂಡಸರು ಕಡಿಯಬೇಕು, ಹೆಂಗಸರು ಹೊರಬೇಕು ಎಂಬುದು ನಮ್ಮಲ್ಲಿಯ ಕಟ್ಟಳೆ. ನಾವು ಹಳಿಯ ಪಕ್ಕದ ಮಣ್ಣಿನ ದಂಡೆಯನ್ನು ನೆಟ್ಟಗೆ ಕಡಿಯುತ್ತಿದ್ದರೆ ನೀನು ಹಳದಿ ಮಣ್ಣಿಗೆ ಅಂಗೈ ಒತ್ತಿ, "ಇಲ್ಲಿ ಒಳಗ ನೀರು ಐತಿ. ನೆಟ್ಟಗ ಕಡಿದ್ರ ಮಳ್ಯಾಗ ಕುಸೀತೈತಿ. ಮೆಟ್ಟಲಾ ಮಾಡ್ರಿ" ಅಂದೆ. ನಾವು ನಕ್ಕೆವು. ನಾವು ಬುತ್ತಿ ಬಿಚ್ಚಿ ಕೂತಾಗಲೆಲ್ಲ ನೀನು ನನ್ನ ಗುದ್ದಲಿ ತೆಗೆದುಕೊಂಡು ಒಬ್ಬಳೇ ಕಡಿದೆ. ನಾಲ್ಕು ಮೆಟ್ಟಿಲು, ಪ್ರತಿಯೊಂದರ ಬುಡಕ್ಕೂ ನೀರು ಹರಿಯಲು ಕಲ್ಲಿನ ಕಾಲುವೆ.

ರೈಲ್ವೆ ಸಾಹೇಬರು ಬಂದು ಇದು ಯಾರ ಕೆಲಸವೆಂದು ಕೇಳಿದರು. "ನಂದರಿ" ಅಂತ ನಾನು ಅಂದುಬಿಟ್ಟೆ. ತಲೆಯ ಮೇಲೆ ಬುಟ್ಟಿ ಹೊತ್ತು ನೀನು ಅಲ್ಲೇ ನಿಂತಿದ್ದೆ. ಹೆಂಗಸು ಗುದ್ದಲಿ ಹಿಡಿದಳೆಂದರೆ ಮೇಸ್ತ್ರಿಯ ಮಾನ ಹೋದೀತೆಂದು ಹೆದರಿದ್ದೆ. ಆ ಒಂದು ಮಾತಿನಿಂದ ನನಗೆ ಹಳಿ ಕಾಯುವ ಕಾಯಂ ಕೆಲಸ ಸಿಕ್ಕಿತು, ನೀನು ತವರಿಗೆ ಹೋದೆ.

ಅಂದಿನಿಂದ ಪ್ರತಿ ಮಳೆಗಾಲ ಆ ಕಟಿಂಗಿನಲ್ಲಿ ನಡೆದಿದ್ದೇನೆ. ಬೇರೆ ಕಡೆ ಜಾರಿದ ಮಣ್ಣನ್ನು ಎತ್ತಿ ಎತ್ತಿ ಸೊಂಟ ಬಿದ್ದಿದೆ. ನಿನ್ನ ಮೆಟ್ಟಿಲಿನಿಂದ ಒಂದು ಹಿಡಿ ಮಣ್ಣೂ ಹಳಿಗೆ ಬಂದಿಲ್ಲ. ಸಾಲಿಯ ಮುಖ ಕಾಣದ ನೀನು ಗುಡ್ಡದ ಹೊಟ್ಟೆಯೊಳಗಿನದನ್ನು ಹೇಗೆ ತಿಳಿದೆಯೋ ಮಾರಾಯ್ತಿ! ಎಷ್ಟೋ ಸಲ ಅದರ ಕೆಳಗೆ ನಿಂತು ಹೆಮ್ಮೆಪಟ್ಟಿದ್ದೇನೆ, ಅಲ್ಲೇ ನಾಚಿದ್ದೇನೆ.

ಈಗ ಎರಡನೇ ಹಳಿಗಾಗಿ ಎದುರು ದಂಡೆ ಕಡಿಯಬೇಕು. ಇಂಜಿನಿಯರ್ ಸುಶ್ಮಿತಾ ಮೇಡಂ ನಿನ್ನೆ ನನ್ನ ಕೈಗೆ ಸುಣ್ಣದ ಪುಡಿ ಕೊಟ್ಟು, "ಹೇಮಪ್ಪಣ್ಣಾ, ಆ ಕಡೆ ಮಾಡಿದಂಗ ಇಲ್ಲೂ ಗೆರಿ ಹಾಕಿ ಕೊಡ್ರಿ" ಅಂದರು. ನಿನ್ನ ಹಾಗೆಯೇ ಅಂಗೈ ಒತ್ತಿ ನೋಡಿದೆ. ಏನೂ ತಿಳಿಯಲಿಲ್ಲ. ತಪ್ಪು ಗೆರೆ ಹಾಕಿದರೆ ಒಂದು ದಿನ ಗಾಡಿಯ ಮೇಲೆ ಗುಡ್ಡ ಬಿದ್ದೀತು. "ಅದು ನಂದಲ್ರಿ, ನನ್ನ ಹೆಂಡ್ತೀದು" ಅಂದೆ. ಮೇಡಂ ಸುಣ್ಣದ ಪುಡಿಯನ್ನು ವಾಪಸು ತೆಗೆದುಕೊಂಡು, "ಹಂಗಾದ್ರ ಅವರನ್ನ ಕರಸ್ರಿ" ಅಂದರು.

ಸೋಮವಾರ ಮಣ್ಣು ಕಡಿಯುವ ಯಂತ್ರ ಬರುತ್ತದೆ. ಅಷ್ಟರೊಳಗೆ ಬಂದು ಗೆರೆ ಹಾಕಿಕೊಡು. ಮೇಡಂ ಜೀಪು ಕಳಿಸುತ್ತಾರೆ. ನನ್ನ ಮನೆಗೆ ಬಾ ಎಂದು ಕೇಳುವ ಬಾಯಿ ನನಗಿಲ್ಲ.

ನಿನ್ನ
ಹೇಮಪ್ಪ

ತಾ.ಕ.: ಲಕೋಟೆಗೆ ಹಾಕುವ ಮುಂಚೆ ಈ ಕಾಗದವನ್ನು ಕಟಿಂಗಿನಲ್ಲಿ ನಿಂತು ಮೇಡಂ ಮತ್ತು ಇಡೀ ಗ್ಯಾಂಗಿನ ಎದುರು ಗಟ್ಟಿಯಾಗಿ ಓದಿದ್ದೇನೆ. ಆಗ ಸಹಿ ಬರೀ ಹೇಮಪ್ಪ ಅಂತಿತ್ತು. ಮೇಲಿನ 'ನಿನ್ನ' ಎಂಬುದನ್ನು ಬರೆಯುವ ಧೈರ್ಯ ಓದಿ ಮುಗಿಸಿದ ಮೇಲೆ ಬಂತು.