ಬ್ಯಾರನ್ ಕಾಯ್ದ ಕ್ಲಬ್ಬು

ಬೆಟ್ಟದಪುರ
೧೦-೧೦-೨೦೨೫, ಶುಕ್ರವಾರ

ನನ್ನ ಮುದ್ದು ಪುಟ್ಟೀ,

ನಿನಗೂ ಅಳಿಯಂದಿರಿಗೂ ಕೂಸಿಗೂ ಮಾವನ ಆಶೀರ್ವಾದ. ಎಲ್ಲರೂ ಸುಖವೇ? ಮಡಿಕೇರಿ ಚಳಿಗೆ ಕೂಸಿಗೆ ನೆಗಡಿ ಅಂದಿದ್ದೆ, ಈಗ ಹೇಗಿದೆ? ಕಿವಿ ಮುಚ್ಚುವ ಟೋಪಿ ಹಾಕು; ಫೋಟೋ ಚೆನ್ನಾಗಿ ಬರಲೆಂದು ಬರಿತಲೆಯಲ್ಲಿ ಕೂರಿಸಬೇಡ. ನನ್ನ ಮಂಡಿನೋವು ಹಾಗೇ ಇದೆ, ಕೋಪವೂ ಹಾಗೇ ಇದೆ. ಈ ಕಾಲದಲ್ಲಿ ಕಾಗದ ಯಾಕೆ ಅನ್ನಬಹುದು. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ಹತ್ತು ಆಡುತ್ತೀಯ. ಕಾಗದದಲ್ಲಿ ನೀನು ನಡುವೆ ಬಾಯಿ ಹಾಕುವಂತಿಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ಯುಗಾದಿಗೆ ಬಂದಾಗ ನೀನು ಆಡಿ ಹೋದ ಮಾತು ನನಗೆ ಮುಳ್ಳಿನಂತೆ ಚುಚ್ಚುತ್ತಿತ್ತು. “ದೀಪಾವಳಿ ಒಳಗೆ ಅವ್ವನ ಕಣ್ಣಿನ ಪೊರೆ ತೆಗೆಸ್ದೆ ಇದ್ರೆ ಕಾರು ತಂದು ಕರ್ಕೊಂಡು ಹೋಗ್ಬುಡ್ತೀನಿ ಮಾವ, ಹೊಲ ಗುತ್ತಿಗೆಗೆ ಕೊಡಿ” ಅಂದೆ. ನೀನು ಅಂದದ್ದರಲ್ಲಿ ತಪ್ಪಿಲ್ಲ. ನಿಮ್ಮವ್ವ ಹಾಲೆಂದು ಮಜ್ಜಿಗೆ ಹಾಕಿ ಟೀ ಕಾಯಿಸಿ ನಿನ್ನ ಗಂಡನಿಗೇ ಕೊಟ್ಟಿದ್ದಳು. ಆದರೆ ನನ್ನ ಅಕ್ಕನನ್ನು ಹೊಲದಿಂದ ಕಿತ್ತು ನಿನ್ನ ಮಹಡಿ ಮನೆಯಲ್ಲಿ ಕೂರಿಸಿದರೆ ಅವಳು ಬಾಳುತ್ತಾಳೆಯೇ? ಆಸ್ಪತ್ರೆ ಅಂದರೆ ಪ್ರತಿ ವರ್ಷ ಒಂದೇ ಉತ್ತರ: “ಹೊಗೆಸೊಪ್ಪು ಮುಗೀಲಿ ಬುಡ್ಲಾ ಸಿದ್ದ.”

ಈಗ ನಮ್ಮ ಸೇವಾ ಕ್ಲಬ್ಬಿನ ವಿಷಯ. ಗುರುವಾರದ ಮೀಟಿಂಗು ನಿನಗೆ ಗೊತ್ತಿರುವುದೇ. ಗಂಟೆ ಬಾರಿಸುತ್ತಾರೆ, ಪ್ರಾರ್ಥನೆ ಹೇಳುತ್ತಾರೆ, ಒಬ್ಬರಿಗೊಬ್ಬರು ಶಾಲು ಹೊದಿಸಿ ಫೋಟೋ ತೆಗೆಸಿಕೊಂಡು ಉಪ್ಪಿಟ್ಟು ತಿಂದು ಏಳುತ್ತಾರೆ. ಈ ವರ್ಷದ ಅಧ್ಯಕ್ಷ ಗೊಬ್ಬರದಂಗಡಿ ಶಿವಶಂಕರ್. ಅವನು ಕಣ್ಣಿನ ಕ್ಯಾಂಪ್ ಗೊತ್ತುಮಾಡಿದ. ಪೊರೆ ಇದ್ದವರನ್ನು ಬಸ್ಸಿನಲ್ಲಿ ಮೈಸೂರಿಗೆ ಕರೆದೊಯ್ದು ಆಪರೇಷನ್ ಮಾಡಿಸಿ ವಾಪಸ್ ತಂದು ಬಿಡುವುದು, ಎಲ್ಲ ಪುಕ್ಕಟೆ. ಫ್ಲೆಕ್ಸನ್ನೂ ಕಟ್ಟಿಯಾಯಿತು. ದಿನ ಇಟ್ಟದ್ದು ಮಾತ್ರ ಸೆಪ್ಟೆಂಬರಿನಲ್ಲಿ! ಊರೂರಿನ ಬ್ಯಾರನ್ನುಗಳಲ್ಲಿ, ಅಂದರೆ ಹೊಗೆಸೊಪ್ಪು ಹದಮಾಡುವ ಒಲೆಮನೆಗಳಲ್ಲಿ, ಸೊಪ್ಪು ಬೇಯುವ ತಿಂಗಳು. ಪ್ರಾಯದವರು ಸೊಪ್ಪು ಮುರಿಯಲು ಹೊಲಕ್ಕೆ ಹೋದರೆ ಬ್ಯಾರನ್ ಒಲೆ ಕಾಯುವವರು ಮುದುಕರು. ಪೊರೆ ಬಂದಿರುವುದೂ ಮುದುಕರಿಗೇ. ಬೆಂಕಿ ಇಳಿದರೆ ಎಲೆ ಕಪ್ಪು, ಏರಿದರೆ ಬ್ಯಾರನ್ನೇ ಬೂದಿ. ಯಾರು ಬಿಟ್ಟು ಹೋಗುತ್ತಾರೆ? ಗೊಬ್ಬರ ಮಾರುವವನಿಗೆ ಇದು ಹೊಳೆಯಲಿಲ್ಲ. ನಾನೂ ಉಪ್ಪಿಟ್ಟು ಅಗಿಯುತ್ತ ಆ ದಿನಕ್ಕೆ ಒಪ್ಪಿ ಕೈಯೆತ್ತಿದ್ದೆ. ಒಬ್ಬರೂ ಹೆಸರು ಕೊಡಲಿಲ್ಲ.

ಮುಂದಿನ ಗುರುವಾರ ಕ್ಯಾಂಪ್ ರದ್ದು ಅಂದರು. ನಾನು ಮೇಜು ಗುದ್ದಿದೆ. “ರದ್ದು ಮಾಡಿದ್ರೆ ಈ ಗಂಟೆ ತಗೊಂಡೋಗಿ ಎಮ್ಮೆ ಕೊರಳಿಗೆ ಕಟ್ರಿ!” ಆಗ ಕಾರ್ಯದರ್ಶಿ ವಾಣಿಶ್ರೀ, ಹೈಸ್ಕೂಲು ಮೇಡಂ, ತಣ್ಣಗೆ ಅಂದಳು: “ಹಂಗಾದ್ರೆ ಅವರ ಒಲೆ ನಾವೇ ಕಾಯೋಣ ಸಿದ್ದಯ್ಯನೋರೆ.” ಲಾಯರ್ ಕೃಷ್ಣಕುಮಾರ್ ನಕ್ಕ. ನಕ್ಕವನನ್ನೇ ನಿಮ್ಮವ್ವನ ಒಲೆ ಕಾಯಲು ಹಾಕಿಸಿದೆ.

ಅಕ್ಕ ಒಪ್ಪಬೇಕಲ್ಲ. “ಬಿಟ್ಟಿ ಗೇಯ್ಸ್ಕೊಳಕೆ ನಾನೇನು ದೊರೆಸಾನಿನಾ? ಓಗತ್ಲಾಗೆ” ಅಂದಳು. ನನಗೂ ರೇಗಿತು. “ಬಿಟ್ಟಿ ಯಾರ್ ಕೊಟ್ರು ನಿಂಗೆ? ಮುಯ್ಯಾಳು ಕಣಕ್ಕ! ಇವತ್ತು ಅವರು ನಿನ್ ಒಲೆಗೆ, ನಾಳೆ ನೀನು ಅವರ ಕೆಲ್ಸಕ್ಕೆ. ಸ್ಕೂಲ್ ಕೈತೋಟದಲ್ಲಿ ಕಳೆ ತುಂಬದೆ, ಕಣ್ಣು ವಾಸಿಯಾದ್ಮೇಲೆ ಬಂದು ಕಿತ್ಕೊಡು” ಅಂದೆ. ಮುಯ್ಯಾಳು ಅಂದ ಮೇಲೆ ನಮ್ಮ ಕಡೆ ಯಾರು ಒಲ್ಲೆ ಅನ್ನುತ್ತಾರೆ? “ಲಾಯರ್‌ಗೆ ಬೆಂಕಿ ಆಕಕ್ ಬತ್ತದಾ?” ಅಂತ ಕೇಳಿದಳು. ಗೆದ್ದೆ ಅಂದುಕೊಂಡೆ. ನಿಮ್ಮವ್ವ ದೊಡ್ಡತಾಯಮ್ಮನೇ ಹೊರಟಳಂತೆ ಅನ್ನುವ ಸುದ್ದಿ ಹಬ್ಬಿದ್ದೇ ತಡ, ಎರಡನೇ ಬಸ್ಸು ಕರೆಸಬೇಕಾಯಿತು.

ಬಸ್ಸುಗಳು ಮೈಸೂರಿಗೆ ಹೊರಟ ಮೇಲೆ ಕ್ಲಬ್ಬಿನವರನ್ನು ನೀನು ನೋಡಬೇಕಿತ್ತು ಪುಟ್ಟಿ. ಲಾಯರು ಪ್ಯಾಂಟು ಮಡಚಿ, ಮೂಗಿಗೆಲ್ಲ ಮಸಿ ಬಳಿದುಕೊಂಡು, ಫೋನಿನಲ್ಲಿ ಕಕ್ಷಿದಾರನಿಗೆ “ಕೇಸು ಆಮೇಲೆ ನೋಡಣ ಮಡುಗ್ರೀ, ಇಲ್ಲಿ ಥರ್ಮಾಮೀಟ್ರು ಏರ್ತಾ ಅದೆ” ಅನ್ನುತ್ತಿದ್ದ. ಅಧ್ಯಕ್ಷ ಪಕ್ಕದ ಒಲೆಯ ಮುಂದೆ ತೂಕಡಿಸಿದ. ಒಂದು ಚೆಂಬು ನೀರು ಸುರಿದೆ. ಆಪರೇಷನ್ ಆದ ಕಣ್ಣಿಗೆ ಹೊಗೆ ಸೋಕಬಾರದು ಅಂದರು ಡಾಕ್ಟರು. ಹಾಗಾಗಿ ಇವರ ಸರದಿ ಮುಂದುವರಿಯಿತು, ಗುರುವಾರದ ಮೀಟಿಂಗೂ ನಿಮ್ಮವ್ವನ ಬ್ಯಾರನ್ ಮುಂದೆಯೇ ನಡೆಯಿತು. ಗೋಣಿತಾಟಿನ ಮೇಲೆ ಕೂತು, ಕೆಂಡದಲ್ಲಿ ಸುಟ್ಟ ಗೆಣಸು ತಿಂದು, ಶಾಲೂ ಇಲ್ಲ, ಫೋಟೋವೂ ಇಲ್ಲ. ಇಷ್ಟು ವರ್ಷದಲ್ಲಿ ನನಗೆ ಹಿಡಿಸಿದ ಮೀಟಿಂಗು ಅದೊಂದೇ.

ಮೊನ್ನೆ ಡಾಕ್ಟರು ಕಣ್ಣು ಪೂರ್ತಿ ಸರಿಯಾಗಿದೆ ಅಂದರು. ಅಕ್ಕ ಮನೆಗೂ ಹೋಗದೆ ನೇರ ಸೊಪ್ಪಿನ ರಾಶಿ ಹತ್ತಿರ ನಡೆದಳು. ಎಲೆಯೊಂದನ್ನು ಬಿಸಿಲಿಗೆ ಹಿಡಿದು ನೋಡಿದಳು. ಹಣ್ಣಾದ ನಿಂಬೆಯ ಬಣ್ಣ. “ಲಾಯರಪ್ಪ ಕೆಡಿಸಿಲ್ಲ ಕಣ್ಲಾ!” ಅಂದಳು. ಕೋರ್ಟಿನಲ್ಲಿ ಗೆದ್ದಾಗಲೂ ಅವನು ಅಷ್ಟು ಹಿಗ್ಗಿರಲಾರ. ನಾನಂತೂ ಊರೆಲ್ಲ ಮೀಸೆ ತಿರುವಿಕೊಂಡು ಓಡಾಡುತ್ತಿದ್ದೇನೆ.

ಕೂಸಿಗೆ ದೃಷ್ಟಿ ತೆಗೆ. ಅಳಿಯಂದಿರಿಗೆ ಈ ಸಲ ಒಳ್ಳೆಯ ಟೀ ಸಿಗುತ್ತದೆ ಅಂತ ಹೇಳು. ನಿಮ್ಮ ಮನೆ ತುಂಬಿರಲಿ.

ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಸೋದರಮಾವ,
ಸಿದ್ದಯ್ಯ

ಇನ್ನೊಂದು ಮಾತು: ಕಾಗದ ಪೋಸ್ಟಿಗೆ ಹಾಕಲು ಹೊರಟವನನ್ನು ನಿಮ್ಮವ್ವ ತಡೆದು ಬರೆಸುತ್ತಿದ್ದಾಳೆ. ಕಾರು ತರಬೇಡ. ಹೊಲ ಗುತ್ತಿಗೆಗೆ ಕೊಡುವುದಿಲ್ಲ, ಅವಳು ಊರು ಬಿಡುವುದೂ ಇಲ್ಲ. ಕೂಸಿನ ಮುಖ ನೋಡಲು ದೀಪಾವಳಿಗೆ ತಾನೇ ಬಸ್ಸು ಹತ್ತಿ, ಕುಶಾಲನಗರದಲ್ಲಿ ಬದಲಿಸಿ, ಒಬ್ಬಳೇ ಬರುತ್ತಾಳಂತೆ. ಜೊತೆಗೆ ನಾನು ಬರುತ್ತೇನೆ ಅಂದೆ. “ನಿನ್ ಕಣ್ಣು ಯಾಕ್ಲಾ ನಂಗೆ?” ಅಂದಳು.