ಸಕಾರ ಬಿದ್ದುಹೋದ ಕಾಲದಿಂದ, ಎರಡು ಜೊತೆ ವಾಲ್ವುಗಳ ಬಗ್ಗೆ

ತುಮಕೂರು
ಫೆಬ್ರವರಿ ೩೦, ೨೩೧೮

ಗತಕಾಲದ ಮಹಾಜನಗಳೇ, ಗಿಟಾರು ಹಿಡಿದ ಸಜ್ಜನಗಳೇ, ಸ್ಪೀಕರಿನ ಮುಂದೆಯೇ ಜಾಗ ಹಿಡಿಯುವ ಅಂಜದ ಜನಗಳೇ,

ಮುನ್ನೂರು ವರ್ಷ ಹಿಂದಿರುವ ನಿಮಗೆ ನಮಸ್ಕಾರ. ಈ ಓಲೆಯ ಭಾಷೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಮ್ಮ ಕಾಲದ ಕನ್ನಡದಲ್ಲಿ ಸ, ಶ, ಷ ಎಂಬ ಮೂರು ಅಕ್ಷರಗಳು ಬಿದ್ದುಹೋಗಿವೆ. ಒಂದೇ ದಿನಕ್ಕೆ ಬೀಳಲಿಲ್ಲ. ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆ ಚಕ್ಕೆಯಾಗಿ ಉದುರಿದವು. ಬರೆಯುವಾಗ ಈಗಲೂ ಬರೆಯುತ್ತೇವೆ, ತೀರಿಕೊಂಡ ಹಿರಿಯರ ಫೋಟೋಗೆ ಹಾರ ಹಾಕುವ ಮರ್ಯಾದೆಯಿಂದ. ಕೇಳಿಸುವುದು ಮಾತ್ರ ಇಲ್ಲ. ಸಂಜೆ ನಮಗೆ ‘ಅಂಜೆ’. ಮೋಸಕ್ಕೂ ಮೋಹಕ್ಕೂ ವ್ಯತ್ಯಾಸ ಉಳಿದಿಲ್ಲ. ಅದು ಮೊದಲೂ ಇರಲಿಲ್ಲ ಎನ್ನುವ ಅನುಭವಸ್ಥರಿದ್ದಾರೆ. ಪ್ರಾಸ ಕಟ್ಟಿ ಬಾಳಿದ ನನ್ನಂಥವನ ಪಾಡು ಕೇಳಬೇಡಿ. ‘ಪ್ರಾಸ’ ಎಂದರೆ ‘ಪ್ರಾ’ ಎಂದಷ್ಟೇ ಕೇಳಿಸುವ ಕಾಲದಲ್ಲಿ ಪ್ರಾಸವೆಲ್ಲಿ, ತ್ರಾಸವೆಲ್ಲಿ!

ಉಳಿದಂತೆ ಜೀವನ ನಡೆದಿದೆ. ಕುಕ್ಕರ್ ಕೂಗುವುದಿಲ್ಲ, ಅದರ ತಲೆ ನಡುಗುವುದನ್ನು ನೋಡಿ ಒಲೆ ಆರಿಸುತ್ತೇವೆ. ಸಾಸಿವೆ ಸಿಡಿಯುವುದು ಕಣ್ಣಿಗೆ ಬಿಟ್ಟ ಕೆಲಸ. ಗುಬ್ಬಿ ಕಿಟಕಿಯಲ್ಲಿ ಕೂತು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಏನೋ ಅಗಿಯುತ್ತಿದೆ ಅಂದುಕೊಳ್ಳುತ್ತೇವೆ. ಇದಕ್ಕೆಲ್ಲ ಬದಲಾಗಿ ಇಡೀ ಊರಿಗೆ ಒಂದು ಜೀರುಂಡೆಯನ್ನು ಕೊಡಲಾಗಿದೆ. ಅದು ಹಗಲಿರುಳು ಜೀ ಎನ್ನುತ್ತದೆ, ಭಾನುವಾರವೂ ರಜೆ ಹಾಕುವುದಿಲ್ಲ. ಕಛೇರಿಗಳಿಗೆ ಜನ ಬರಿಗಾಲಲ್ಲಿ ಹೋಗುತ್ತಾರೆ, ಏಕೆಂದರೆ ಸಂಗೀತವನ್ನು ಹಲಗೆಯ ಮೇಲೆ ನಿಂತು ಪಾದದಿಂದ ಕೇಳುವುದು ರೂಢಿ. ಇದಕ್ಕೆ ‘ಅಂಗಾಲುಗಿವಿ’ ಎಂದು ಹೆಸರು. ಅಂಗಾಲಿಗೆ ಮೋಸ ಮಾಡಲಾಗದು ಎಂಬ ನಂಬಿಕೆಯಿದೆ. ನನ್ನ ಅಂಗಾಲು ಒಡೆದಿರುವುದರಿಂದ ನಾನು ಅಷ್ಟು ನಂಬುವುದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನೀವು ಹೆವಿ ಮೆಟಲ್ ಎನ್ನುವುದಕ್ಕೆ ನಾವು ‘ಉಕ್ಕುಹಾಡು’ ಎನ್ನುತ್ತೇವೆ. ನೀವು ಆಂಪ್ಲಿಫೈಯರಿನ ವಾಲ್ವು ಎನ್ನುವುದು ನಮಗೆ ‘ಉರಿಗಾಜು’. ಚಿಕ್ಕ ಉರಿಗಾಜಿನಲ್ಲಿ ದನಿ ಒಡೆದು ಕೊಳಕು ಹುಟ್ಟುತ್ತದೆ, ದೊಡ್ಡದರಲ್ಲಿ ಅದಕ್ಕೆ ಮೈ ಬರುತ್ತದೆ. ಉಕ್ಕುಹಾಡಿಗೆ ಕೊಳಕು ಎಷ್ಟಿದ್ದರೂ ಮೈಯಿಲ್ಲದಿದ್ದರೆ ಅದು ಬರೀ ಜಗಳ. ದೊಡ್ಡವನ್ನು ಜಾತಕ ಕೂಡಿಸಿದಂತೆ ಅಳೆದು ಜೋಡಿಯಾಗಿಯೇ ಹಾಕಬೇಕು. ಒಂದು ಬಿಸಿಯಾಗಿ ಇನ್ನೊಂದು ತಣ್ಣಗಿದ್ದರೆ ಸಂಸಾರ ನಡೆಯುವುದಿಲ್ಲ.

ನಮ್ಮ ತಂಡದ ಹೆಸರು ‘ಕಬ್ಬಿಣದ ಕಡಲೆ’. ನಮ್ಮ ಬಳಿ ಇರುವುದು ಎರಡೇ ಜೊತೆ. ಒಂದು ಇಎಲ್ ಥರ್ಟಿಫೋರ್: ಎದೆಯುಬ್ಬಿಸಿ ಗುರುಗುಟ್ಟುವ ಜಾತಿ, ಮನುಷ್ಯರ ದನಿ ಇರುವ ಜಾಗದಲ್ಲೇ ಕಾಲು ಚಾಚಿ ಕೂರುತ್ತದೆ. ಇನ್ನೊಂದು ಸಿಕ್ಸ್ ಎಲ್ ಸಿಕ್ಸ್, ನಮ್ಮ ಉಚ್ಚಾರದಲ್ಲಿ ‘ಇಕ್ ಎಲ್ ಇಕ್’. ಅದಕ್ಕೆ ತಳ ಬಿಗಿ, ತುದಿ ಚೂಪು. ನಡುವೆ ಹಾಡುವವರು ನಡೆದು ಹೋಗಲು ಒಂದು ಓಣಿ ಬಿಡುತ್ತದೆ. ನಮ್ಮ ಆಂಪ್ಲಿಫೈಯರಿನ ಪೆಟ್ಟಿಗೆ ಎರಡನ್ನೂ ಒಪ್ಪುತ್ತದೆ, ಬದಲಿಸಿದಾಗ ಬಯಸ್, ಅಂದರೆ ಗಾಜಿಗೆ ಹರಿಯುವ ಕರೆಂಟಿನ ಅಳತೆ, ಹೊಂದಿಸಿಕೊಂಡರೆ ಸಾಕು. ಬರುವ ಶನಿವಾರ ಕಾರ್ಯಕ್ರಮ. ಶಶಿರೇಖಾ ಎಂದು ಬರೆದು ‘ರೇಖಾ’ ಎಂದಷ್ಟೇ ಕೇಳಿಸುವ ನಮ್ಮ ಹಾಡುಗಾರ್ತಿ ತಾನೇ ಬರೆದ ಪದಗಳನ್ನು ಮೊದಲ ಸಲ ಹಾಡುವವಳಿದ್ದಾಳೆ. ತಪ್ಪು ಜೊತೆ ಬಿದ್ದರೆ ನನ್ನ ಗಿಟಾರು ಅವಳನ್ನು ನುಂಗುತ್ತದೆ. ಈಗಾಗಲೇ ಅವಳು ಎರಡು ಸಲ ಅಂದಾಗಿದೆ:

“ಅಣ್ಣಾ, ನಿಮ್ ಗಿಟಾರು ನನ್ ಬಾಯೊಳ್ಗೇ ಬಂದು ಕೂತ್ಕಂಡೈತೆ. ಒಂಚೂರು ಎಬ್ಸಿ ಆಚೆ ಕಳ್ಸಿ.”

ಜೊತೆ ಆರಿಸುವ ಅಧಿಕಾರ ‘ಕಿವಿಗೌಡ’ನದು. ಊರಿಗೊಬ್ಬ ಗೌಡನಿದ್ದಂತೆ ತಂಡಕ್ಕೊಬ್ಬ ಕಿವಿಗೌಡ. ಅವನ ಕಿವಿ ಹೇಳಿದ್ದೇ ಕೊನೆ. ನಮ್ಮಲ್ಲಿ ಆ ಗೌಡಿಕೆ ನನ್ನದು. ಕಳೆದ ಭಾನುವಾರ ನಾನು ಗೋಡೆಗೆ ಮುಖ ಮಾಡಿ ಕೂತೆ. ಬಾಸ್ ಗಿಟಾರಿನ ಇಮ್ತಿಯಾಜ್ ಪೆಟ್ಟಿಗೆಯ ಹಿಂದೆ ನಿಂತ. ತಂತಿಗೆ ಅಂಗೈ ಒತ್ತಿ ಜುಗ್ ಜುಗ್ ಎಂದು ಬಾರಿಸಿದೆ. ಸ್ವಲ್ಪ ಹೊತ್ತು ಬಿಟ್ಟು, ಅವನು ಬೆನ್ನು ತಟ್ಟಿದ ಮೇಲೆ, ಮತ್ತೆ ಬಾರಿಸಿದೆ. ಕಣ್ಣು ಮುಚ್ಚಿ, ತಲೆದೂಗಿ, ತೀರ್ಪು ಕೊಟ್ಟೆ:

“ಮೊದಲನೇದು ಕಂಚು, ಎರಡನೇದು ಮಿಂಚು. ಮಿಂಚೇ ಇರಲಿ.”

ಇಮ್ತಿಯಾಜ್ ಬೆರಳು ಚೀಪುತ್ತ ಎದುರಿಗೆ ಬಂದ.

“ಯಾವ್ ಮಿಂಚು ಗುರುವೇ? ಗಾಜು ಸುಡ್ತಾ ಐತೆ, ನಾನಿನ್ನೂ ಬದ್ಲಾಯ್ಸೇ ಇಲ್ಲ! ತಡೀರಿ ಅಂತ ಬೆನ್ ತಟ್ಟಿದ್ರೆ ಬಾರ್ಸೇಬಿಟ್ರಲ್ಲ. ಎರಡು ಸಲಾನೂ ಅದೇ ಥರ್ಟಿಫೋರು!”

“ನಿನ್ನ ಪರೀಕ್ಷೆ ಮಾಡ್ದೆ ಕಣಯ್ಯಾ” ಎಂದೆ. ಎಲ್ಲರೂ ನಕ್ಕರು. ಬೆರಳು ಸುಟ್ಟವನೂ ನಕ್ಕ. ಆಮೇಲೆ ನಿಜವಾಗಿಯೂ ಬದಲಿಸಿ, ಬಯಸ್ ಹೊಂದಿಸಿ, “ಈಗ ಕೇಳಿ” ಎಂದ. ಕೇಳಿದೆ. ಅದೇ ಜುಗ್, ಅದೇ ಜುಗ್, ಮೇಲೊಂದು ಜೀರುಂಡೆ. ನಾಳೆ ಹೇಳುತ್ತೇನೆ ಎಂದು ಎದ್ದೆ. ಹೊರಡುವಾಗ ತಿರುಗಿ ನೋಡಿದರೆ ಶಶಿರೇಖಾ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ನಗುತ್ತಿರಲಿಲ್ಲ. ಏನೋ ಕೇಳಿ, ಉತ್ತರಕ್ಕಾಗಿ ಕಾಯುತ್ತಿರುವವರ ಮುಖ ಅದು.

ಆದ್ದರಿಂದ, ಪೂರ್ವಕಾಲದ ಮಹನೀಯರೇ, ನಮ್ಮ ಯುಗದ ಪರವಾಗಿ ಒಂದು ವಿನಂತಿ. ತಾಲೀಮಿನ ಕೋಣೆ ಚಿಕ್ಕದಿದ್ದರೆ ದನಿಯನ್ನೂ ಚಿಕ್ಕದು ಮಾಡಿ. ಕಿವಿಗೆ ಬಿರಟೆ ಹಾಕಿಕೊಂಡವನನ್ನು ಹೆದರುಪುಕ್ಕಲ ಎಂದು ಆಡಿಕೊಳ್ಳಬೇಡಿ. ನಮ್ಮ ಕಾಲದಲ್ಲಿ ಹಾಗೆ ಆಡಿಕೊಂಡವರಲ್ಲಿ ಅತಿ ಜೋರಾಗಿ ಆಡಿಕೊಂಡವನು... ಅವನ ವಂಶಾವಳಿ, ಆ ಮುನ್ನೂರು ವರ್ಷಗಳ ಚರಿತ್ರೆ...

ಇಲ್ಲ. ಸಾಕು.

ಇಸವಿ ಸುಳ್ಳು. ಇವತ್ತು ಗುರುವಾರ, ಇದೇ ವರ್ಷದ್ದು. ಈ ಓಲೆಯನ್ನು ನಮ್ಮ ತಂಡದ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೇನೆ. ಸಕಾರ ಕನ್ನಡದಿಂದ ಬಿದ್ದಿಲ್ಲ, ನನ್ನ ಕಿವಿಯಿಂದ ಬಿದ್ದಿದೆ. ಜೀರುಂಡೆಯೂ ಊರಿನದಲ್ಲ, ಅದೇ ಕಿವಿಯೊಳಗಿನದು. ಗುಬ್ಬಿ ಹಾಡುತ್ತಲೇ ಇದೆಯಂತೆ, ಮನೆಯಲ್ಲಿ ಹೇಳಿದರು. ಇಮ್ತಿಯಾಜ್, ಆ ಎರಡು ಜೊತೆಗಳಲ್ಲಿ ಯಾವುದು ಯಾವುದೋ ನನಗೆ ಗೊತ್ತಾಗಲಿಲ್ಲ ಕಣಯ್ಯಾ. ಶಶಿರೇಖಾ, ಶನಿವಾರಕ್ಕೆ ನೀನೇ ಆರಿಸು. ನಿನ್ನ ಮಾತು ಯಾವುದರಲ್ಲಿ ಹೊರಗೆ ಬರುತ್ತದೋ ಅದನ್ನೇ ಹಾಕಿಸು; ನಾನು ಬಾರಿಸುತ್ತೇನೆ.

ಮತ್ತೆ, ಅವತ್ತು ನನ್ನ ಬೆನ್ನ ಹಿಂದೆ ನಿಂತು ಏನಂದೆ? ಎದುರಿಗೆ ಬಂದು ಇನ್ನೊಂದು ಸಲ ಹೇಳು.